ಕಿವಿಯಲ್ಲಿ ಹೇಳಬೇಕಾದ ಮಾತು

ಬೆಳ್ಳಟ್ಟಿಗೇರಿ ಮಠದ ಪೂಜ್ಯ ಶಾಂತಮುನಿ ಸ್ವಾಮಿಗಳ ದರ್ಶನಕ್ಕೆಂದು ಬಂದವರು ಮೊದಲು ಗದ್ದುಗೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಅಲ್ಲಿ ಯಾರೂ ಇಲ್ಲವೆಂದು ತಿಳಿದ ಮೇಲೆ ಹಿತ್ತಲಿಗೆ ಬರುತ್ತಿದ್ದರು. ದಾಸೋಹದ ಅಡುಗೆಮನೆಯ ಹಿಂದೆ ಒಂದು ತಗಡಿನ ಚಪ್ಪರ. ಅದರ ನೆರಳಿನಲ್ಲಿ ಗೋಣಿತಟ್ಟು ಹಾಸಿಕೊಂಡು ಪೂಜ್ಯರು ಶಾಲೆಯ ಮಕ್ಕಳ ಊಟಕ್ಕೆ ಬೇಕಾದುದನ್ನು ತಮ್ಮ ಕೈಯಾರೆ ಹಸನು ಮಾಡುತ್ತಿದ್ದರು. ಒಂದು ದಿನ ಜೋಳ, ಒಂದು ದಿನ ಮೆಣಸಿನಕಾಯಿ, ಬೇಸಿಗೆ ಸಮೀಪಿಸಿದಾಗ ಹುಣಸೆಹಣ್ಣು. ಎಂಥ ದೊಡ್ಡವರು ಬಂದು ಪಾದಕ್ಕೆ ಬಾಗಿದರೂ "ಕೂಡ್ರಿ" ಎಂದು ಒಂದು ಮೊರವನ್ನು ಅವರ ಮುಂದಕ್ಕೆ ಸರಿಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮುಖಂಡರೊಬ್ಬರು ಹೀಗೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತು, ಮರೆತು ಕಣ್ಣೊರೆಸಿಕೊಂಡು, ಅಳುತ್ತ ಕಾರು ಹತ್ತಿದರೆಂದು ಅಡುಗೆಯ ಹೆಂಗಸರು ಈಗಲೂ ಹೇಳಿ ನಗುತ್ತಾರೆ.

ಆ ಚಪ್ಪರದಿಂದ ಕೂಗಳತೆಯಲ್ಲಿ ಮಠದ ಪ್ರೌಢಶಾಲೆ. ಮಠದ ಶಿಖರದ ಮೇಲೆ ಧ್ವನಿವರ್ಧಕದ ಹಾರ್ನು. ಬೆಳಗಿನ ಪ್ರಾರ್ಥನೆ ಹೊಲಕ್ಕೆ ಹೊರಟವರ ಕಿವಿಗೂ ಬೀಳಲೆಂದು ಭಕ್ತರೊಬ್ಬರು ಅದನ್ನು ಕಟ್ಟಿಸಿಕೊಟ್ಟಿದ್ದರು. ಆ ಉದ್ದೇಶದಲ್ಲಿ ದೋಷವಿರಲಿಲ್ಲ. ದೋಷ ಆಮೇಲೆ ಸೇರಿತು. ಮುಖ್ಯೋಪಾಧ್ಯಾಯರಾದ ಕೊಟ್ರಪ್ಪ ಮಾಸ್ತರರು ಆ ಹಾರ್ನಿಗೆ ಇನ್ನೊಂದು ಕೆಲಸ ಹಚ್ಚಿದರು. ಪ್ರಾರ್ಥನೆ ಮುಗಿದ ಕೂಡಲೇ "ತಪ್ಪೊಪ್ಪಿಗೆ" ಎಂಬ ಕಲಾಪ. ಹಿಂದಿನ ದಿನ ಪಾಠದಲ್ಲಿ ಲಕ್ಷ್ಯ ಕೊಡದವರು, ಉತ್ತರ ಬರದವರು, ಮನೆಗೆಲಸ ತರದವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ತಮ್ಮ ಹೆಸರು, ತಂದೆಯ ಹೆಸರು, ತಪ್ಪು ಇಷ್ಟನ್ನೂ ಊರಿಗೆಲ್ಲ ಕೇಳುವಂತೆ ಹೇಳಬೇಕು. ತಂದೆ ಇಲ್ಲದವರು ತಾಯಿಯ ಹೆಸರು ಹೇಳಬೇಕು.

ಇದನ್ನು ಶಿಸ್ತು ಎಂದು ಕರೆದರು. ಹಾಗೆ ಕರೆದವರೆಲ್ಲರೂ ಪದವೀಧರರು. ಹಿಂದುಳಿದ ವಿದ್ಯಾರ್ಥಿಯೊಡನೆ ಶಿಕ್ಷಕನು ಹೇಗೆ ಮಾತನಾಡಬೇಕೆಂಬ ಪ್ರಶ್ನೆಗೆ ಶಿಕ್ಷಣ ಕಾಲೇಜಿನಲ್ಲಿ ಪುಟಗಟ್ಟಲೆ ಉತ್ತರ ಬರೆದು ಅಂಕ ಪಡೆದವರು. ಪರೀಕ್ಷೆಯ ಕೊಠಡಿಯಿಂದ ಹೊರಬರುವಾಗ ಆ ಉತ್ತರವನ್ನು ಅಲ್ಲಿಯೇ ಬಿಟ್ಟು ಬಂದಿದ್ದರು. "ನಾಚಿಕೆ ಆದ್ರ ತಿದ್ಕೋತಾವ" ಎಂಬುದು ಕೊಟ್ರಪ್ಪ ಮಾಸ್ತರರ ಸಿದ್ಧಾಂತ. ನಾಚಿಕೆಯಿಂದ ಎಷ್ಟು ಮಕ್ಕಳು ತಿದ್ದಿಕೊಂಡರು, ಎಷ್ಟು ಮಕ್ಕಳು ಶಾಲೆಯನ್ನೇ ಬಿಟ್ಟರು ಎಂದು ಯಾರೂ ಅವರನ್ನು ಕೇಳಲಿಲ್ಲ. ಶಾಲೆ ಬಿಟ್ಟವರು ಮೈಕಿನ ಮುಂದೆ ಬಂದು ಹೇಳುವುದಿಲ್ಲವಲ್ಲ.

ಆ ವರ್ಷ ಗಣಿತ ಕಲಿಸಲು ಪ್ರಭಾವತಿ ಎಂಬ ತರುಣಿ ಬಂದಳು. ಎಂ.ಎಸ್ಸಿ. ಮುಗಿಸಿದವಳು, ಅಳೆದು ಮಾತನಾಡುವವಳು. ಕಾವಿಗೆ ಕೈಮುಗಿಯುವ ಅಭ್ಯಾಸ ಆಕೆಗಿರಲಿಲ್ಲ. ಕೆಲಸ ಸಿಕ್ಕಿತೆಂದು ಬಂದಿದ್ದಳೇ ಹೊರತು ಮಠ ಸಿಕ್ಕಿತೆಂದಲ್ಲ. ಸ್ವಾಮಿಗಳು ಹುಣಸೆಹಣ್ಣು ಬಿಡಿಸುತ್ತಾರೆಂದು ಸಹೋದ್ಯೋಗಿಗಳು ಭಕ್ತಿಯಿಂದ ಹೇಳಿದಾಗ, "ಬಿಡಿಸಲಿ. ಆ ಹಾರ್ನನ್ನೂ ಒಮ್ಮೆ ಬಿಚ್ಚಿಸಲಿ" ಎಂದು ಹೇಳಿ ತರಗತಿಗೆ ಹೋಗಿದ್ದಳು.

ಆಕೆಯ ಒಂಬತ್ತನೆಯ ತರಗತಿಯಲ್ಲಿ ಕಾಶವ್ವ ಎಂಬ ಹುಡುಗಿ ಇದ್ದಳು. ಕಿಟಕಿಯ ಪಕ್ಕದ ಬೆಂಚು. ಪಾಠ ನಡೆಯುವಾಗ ಅವಳ ಕಣ್ಣು ಹೊರಗೆ. ಹೆಸರು ಹಿಡಿದು ಕೂಗಿದರೆ ಬೆಚ್ಚಿ ಎದ್ದು ನಿಲ್ಲುವಳು, ಯಾವ ಪುಟವೆಂದು ಅವಳಿಗೆ ತಿಳಿಯದು, ಹುಡುಗರು ನಗುವರು. ತಪ್ಪೊಪ್ಪಿಗೆಯಲ್ಲಿ ಅವಳ ಸರದಿ ಎಷ್ಟು ಸಲ ಬಂದಿತೆಂದರೆ ಊರು ಅವಳಿಗೊಂದು ಹೆಸರಿಟ್ಟಿತ್ತು. "ಲಕ್ಷ್ಯ ಇಲ್ಲೋ ಕಾಶಿ ಬಂದಳು ನೋಡ್ರೋ" ಎಂದು ಸೈಕಲ್ಲಿನ ಹುಡುಗರು. "ಇವತ್ತೇನ್ ಮರತು ಬಂದೆವ್ವಾ ಕಾಶವ್ವ? ಕೊಡ ತಂದೀಯೋ ಇಲ್ಲೋ?" ಎಂದು ನಳದ ಬಳಿಯ ಹೆಂಗಸರು. ಅವಳ ತಾಯಿ ಊರ ಪಕ್ಕದ ಹೊಲಗಳಲ್ಲಿ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಶಿಖರದ ಹಾರ್ನಿನ ಮೋರೆ ಆ ಹೊಲಗಳ ಕಡೆಗೇ ಇತ್ತು.

ಒಂದು ಬೆಳಿಗ್ಗೆ ಕಾಶವ್ವ ಮೈಕಿನ ಮುಂದೆ ಬಂದು ನಿಂತಳು. ಏನೂ ಹೇಳಲಿಲ್ಲ.

"ಹೇಳಬೇ" ಎಂದರು ಮಾಸ್ತರರು.

ಹುಡುಗಿ ನೆಲ ನೋಡುತ್ತಿದ್ದಳು. ಹಾರ್ನಿನಲ್ಲಿ ಅವಳ ಉಸಿರು ಮಾತ್ರ ಊರಿಗೆ ಕೇಳುತ್ತಿತ್ತು.

"ಸೊಕ್ಕು ಬಂತೇನ? ಹೇಳದಿದ್ರ ನಾಳಿ ಇದ ಮೈಕಿನ್ಯಾಗ ನಿನ್ನ ಹೆಸರು ಕಡೀ ಸಲ ಕರೀತೀನಿ. ಟಿ.ಸಿ. ತಗೊಂಡು ಮನಿಗೆ ನಡಿ."

ಪ್ರಭಾವತಿಗೆ ತಡೆಯಲಾಗಲಿಲ್ಲ. ಸಾಲು ದಾಟಿ ಬಂದು ಮಾಸ್ತರರ ಕೈಯಿಂದ ಮೈಕನ್ನು ಕಸಿದುಕೊಂಡಳು. "ಈ ಹುಡುಗಿ ಕಳ್ಳಿಯಲ್ಲ!" ಎಂದಳು. "ಇವಳಿಗೆ ಗಣಿತ ಬರುವುದಿಲ್ಲ, ಅಷ್ಟೇ. ಭಿನ್ನರಾಶಿ ಬರುವುದಿಲ್ಲ, ಐದನೆಯ ತರಗತಿಯ ಲೆಕ್ಕವೂ ಬರುವುದಿಲ್ಲ. ಬಾರದವಳಿಗೆ ಕಲಿಸಬೇಕಾದವರು ನಾವು. ಕಲಿಸಲಾಗದೆ ಬಯಲಲ್ಲಿ ನಿಲ್ಲಿಸಿ ಮಾನ ಕಳೆಯುವವರು ಶಿಕ್ಷಕರಲ್ಲ!"

ಒಂದೊಂದು ಮಾತೂ ಸತ್ಯವಾಗಿತ್ತು. ಮಕ್ಕಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕಾಶವ್ವ ಮಾತ್ರ ಒಮ್ಮೆ ಪ್ರಭಾವತಿಯ ಮುಖ ನೋಡಿ, ಸಾಲು ಬಿಟ್ಟು, ದನದ ಕೊಟ್ಟಿಗೆಯ ಕಡೆಗೆ ಓಡಿಹೋದಳು. ಸಿಟ್ಟಿನಲ್ಲಿದ್ದ ಪ್ರಭಾವತಿಗೆ ಆ ನೋಟ ಕಂಡಿತು, ಅದರ ಅರ್ಥ ಹೊಳೆಯಲಿಲ್ಲ. ಆಕೆ ನೇರವಾಗಿ ತಗಡಿನ ಚಪ್ಪರಕ್ಕೆ ನಡೆದಳು.

ಪೂಜ್ಯರು ಹುಣಸೆಹಣ್ಣಿನ ಗುಡ್ಡೆಯ ಮುಂದೆ ಕುಳಿತಿದ್ದರು. ಪ್ರಭಾವತಿ ನಮಸ್ಕರಿಸಲಿಲ್ಲ. ಪೂಜ್ಯರು ವಾಡಿಕೆಯಂತೆ ಮೊರವನ್ನು ಆಕೆಯ ಕಡೆಗೆ ಸರಿಸಿದರು. ಆಕೆ ಅದನ್ನು ಕಾಲಿನಿಂದ ತಳ್ಳದೆ ನಿಂತದ್ದೇ ದೊಡ್ಡದು ಎಂದು ಒಳಗಿನ ಹೆಂಗಸರಿಗೆ ಅನಿಸಿತಂತೆ.

"ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ. ಅದನ್ನು ಹೇಳಲು ಬಂದೆ," ಎಂದಳು ಪ್ರಭಾವತಿ. "ಇನ್ನೊಂದು ಮಾತಿದೆ. ಆ ಹಾರ್ನು ನಿಮ್ಮದು. ನೀವು ಪೂಜೆಗೆ ಕೂರುವ ಹೊತ್ತಿಗೇ ಮಕ್ಕಳು ಅದರಲ್ಲಿ ಅಳುತ್ತಾರೆ. ನೀವು ಕಿವುಡರಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಠದಲ್ಲಿ ಪೂಜ್ಯರೊಡನೆ ಯಾರೂ ಹೀಗೆ ಮಾತನಾಡಿದ್ದಿಲ್ಲ.

ಪೂಜ್ಯರ ಕೈಗಳೂ ನಿಂತವು. "ಇಲ್ಲ ತಂಗಿ, ಕಿವುಡ ಅಲ್ಲ," ಎಂದರು. "ದಿನಾ ಕೇಳೀನಿ."

ಇಂಥ ಒಪ್ಪಿಗೆಯನ್ನು ಪ್ರಭಾವತಿ ನಿರೀಕ್ಷಿಸಿರಲಿಲ್ಲ. ಸಮಾಧಾನ ಬರಬಹುದು, ಉಪದೇಶ ಬರಬಹುದು, ಕರ್ಮದ ಮಾತು ಬರಬಹುದು ಎಂದುಕೊಂಡು ಪ್ರತಿಯೊಂದಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದಳು. ಹೊಂದಿಸಿದ್ದೆಲ್ಲ ಕೈಯಲ್ಲೇ ಉಳಿಯಿತು.

"ಇವತ್ತೂ ಕೇಳೀನಿ," ಎಂದರು ಪೂಜ್ಯರು. "ಮಾಸ್ತರ್ದು ಕೇಳ್ತು. ನಿಂದೂ ಕೇಳ್ತು. ಆ ಕೂಸಿಂದ ಮಾತ್ರ ಕೇಳಲಿಲ್ಲ. ನಿನ್ನ ಮುಂದ ಏನಂದಳು?"

"ನನ್ನ ಮುಂದೆ ಅವಳು ಏನೂ ಹೇಳಿಲ್ಲ."

"ನೀ ಕೇಳಿದ್ಯಾ?"

"ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಲಕ್ಷ್ಯ ಎಲ್ಲಿದೆ ನಿನ್ನದು ಅಂತ."

"ಎಲ್ಲಾರ ಮುಂದ?"

ಪ್ರಭಾವತಿಗೆ ಬೆಳಗಿನ ತನ್ನದೇ ಮಾತು ನೆನಪಾಯಿತು. ಐದನೆಯ ತರಗತಿಯ ಲೆಕ್ಕವೂ ಬರುವುದಿಲ್ಲ. ಆ ಮಾತನ್ನು ಮಾಸ್ತರರು ಎಂದೂ ಹೇಳಿರಲಿಲ್ಲ. ಕಾಶವ್ವನಿಗೆ ಲಕ್ಷ್ಯವಿಲ್ಲವೆಂದಷ್ಟೇ ಊರಿಗೆ ತಿಳಿದಿತ್ತು. ಲೆಕ್ಕವೇ ಬಾರದೆಂದು ಊರಿಗೆ ಸಾರಿದವಳು ತಾನು. ಓಡಿಹೋಗುವ ಮುನ್ನ ಹುಡುಗಿ ನೋಡಿದ ನೋಟ ಆಗ ಆಕೆಗೆ ಅರ್ಥವಾಯಿತು.

ಅಷ್ಟರಲ್ಲಿ ಕೊಟ್ರಪ್ಪ ಮಾಸ್ತರರು ಏದುಸಿರು ಬಿಡುತ್ತ ಬಂದು ಪೂಜ್ಯರ ಪಾದಕ್ಕೆರಗಿದರು. "ಅಜ್ಜಾರ, ನ್ಯಾಯ ನೀವ ಹೇಳಬೇಕು. ಈ ಅಕ್ಕೋರು ಇಡೀ ಸಾಲಿ ಮುಂದ, ಊರ ಮುಂದ, ಮೈಕಿನ್ಯಾಗ ನನ್ನ ಮಾನ ಕಳದ್ರು. ನನ್ನ ತಪ್ಪ ಇದ್ದಿದ್ರ ನನ್ನ ಖೋಲಿಗೆ ಬಂದು ನನಗೊಬ್ಬವಗ ಹೇಳಬೇಕಿತ್ತೋ ಇಲ್ಲೋ?"

"ಹೌದ್ರಿ ಮಾಸ್ತರ," ಎಂದರು ಪೂಜ್ಯರು. "ನಿಮಗೊಬ್ಬರಿಗೇ ಹೇಳಬೇಕಿತ್ತು."

ಮಾಸ್ತರರು ಗೆದ್ದವರಂತೆ ಪ್ರಭಾವತಿಯ ಕಡೆಗೆ ತಿರುಗಿದರು. ಅರ್ಧ ತಿರುಗಿದವರು ಹಾಗೆಯೇ ನಿಂತರು. ತಾವು ಕೇಳಿದ್ದೇನು, ತಮಗೆ ಸಿಕ್ಕಿದ್ದೇನು ಎಂಬುದು ತಡವಾಗಿ ಅವರಿಗೆ ತಾಗಿತು. ಒಳಗಿನಿಂದ ಒಬ್ಬ ಹೆಂಗಸು ಕಿಸಕ್ಕೆಂದು ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪೂಜ್ಯರು ನಗಲಿಲ್ಲ. "ಮಾಸ್ತರ, ನಿಮಗ ದೀಕ್ಷಾ ಕೊಟ್ಟಾಗ ಮಂತ್ರ ಎಲ್ಲಿ ಹೇಳಿದ್ದೆ?"

"ಕಿವಿಯಾಗ, ಅಜ್ಜಾರ. ತಲೀಮ್ಯಾಲೆ ಶಲ್ಯ ಹೊಚ್ಚಿ."

"ಆಗೂ ಮೈಕ್ ಇತ್ತಲ್ಲ?"

"ಇತ್ರಿ."

"ಮಂತ್ರ ಏನ್ ಮುಚ್ಚಿಡೂ ಮಾತ? ಊರಾಗಿನ ಸಣ್ಣ ಹುಡುಗರಿಗೂ ಗೊತ್ತೈತಿ. ಆದರೂ ಶಲ್ಯ ಹೊಚ್ಚಿ, ಬಗ್ಗಿ, ಕಿವಿಯಾಗ ಯಾಕ ಹೇಳಿದೆ?"

ಪೂಜ್ಯರೇ ಹೇಳಿದರು: "ಒಳಗ ಇಳೀಬೇಕಾದ ಮಾತಿಗೆ ಅದೊಂದ ದಾರಿ. ದೇವರ ಹೆಸರನ್ನ ಕಿವಿಯಾಗ ಹೇಳಿಸಿಕೊಂಡವರು ನೀವು. ಕೂಸಿನ ತಪ್ಪನ್ನ ಶಿಖರದ ಮ್ಯಾಲಿಂದ ಹೇಳಸ್ತೀರಿ."

ನಮ್ಮಲ್ಲಿ ದೀಕ್ಷೆಯನ್ನು ಕಂಡವರು ಲಕ್ಷಾಂತರ. ಗುರುವು ಬಗ್ಗುವುದನ್ನೂ ಶಿಷ್ಯನ ತಲೆಯ ಮೇಲೆ ವಸ್ತ್ರ ಬೀಳುವುದನ್ನೂ ಅವರೆಲ್ಲರೂ ನೋಡಿದ್ದಾರೆ. ನೋಡಿ ಮನೆಗೆ ಹೋಗಿ ಮಕ್ಕಳನ್ನು ನೆರೆಯವರ ಮುಂದೆ ನಿಲ್ಲಿಸಿ ಬಯ್ದಿದ್ದಾರೆ. ಕಣ್ಣೆದುರಿಗಿದ್ದ ಪಾಠವನ್ನು ಓದಲು ಒಬ್ಬ ಸಂತರೇ ಬೇಕಾಯಿತೆಂಬುದು ನಮ್ಮ ಭಕ್ತಿಗೆ ಭೂಷಣವಲ್ಲ.

ಪೂಜ್ಯರು ಪ್ರಭಾವತಿಯ ಕಡೆಗೆ ತಿರುಗಿದರು. "ತಂಗಿ, ನಾಳಿಂದ ಬರೂದು ಬಿಡೂದು ನಿನ್ನ ಇಚ್ಛೆ. ಇವತ್ತ ಆ ಕೂಸಿನ ಹಂತ್ಯಾಕ ಹೋಗಿ ಬಾ."

"ಅವಳನ್ನು ಕರೆಸಿ ಮಾತನಾಡುತ್ತೇನೆ."

"ಕರಸಬ್ಯಾಡ. ಸಾಲಿ ಸಿಪಾಯಿ ಹೋಗಿ 'ಕಾಶವ್ವನ್ನ ಅಕ್ಕೋರು ಕರೀತಾರ' ಅಂದನಂದ್ರ ಅದೂ ಒಂದು ಮೈಕ ಆತು. ನೀನ ಹೋಗು." ಪೂಜ್ಯರು ಮೊರಕ್ಕೆ ಒಂದಿಷ್ಟು ಹುಣಸೆಹಣ್ಣು ಸುರಿದು, ಮೇಲೊಂದು ಸಣ್ಣ ಬುಟ್ಟಿಯಿಟ್ಟು ಆಕೆಯ ಕೈಗೆ ಕೊಟ್ಟರು. "ಕೈಯಾಗ ಕೆಲಸ ಇರಲಿ. ಎದುರಿಗೆ ಕೂಡಬ್ಯಾಡ, ಅದು ಕೋರ್ಟು. ಬಾಜೂಕ ಕೂಡು. ಮಂದಿಗೆ ಕಾಣೂವಂಗ ಕೂಡು, ಕೇಳೂವಂಗ ಕೂಡಬ್ಯಾಡ. ಮೊದಲ ನಿನ್ನ ತಪ್ಪ ಹೇಳು. ಆಮ್ಯಾಲೆ ಸುಮ್ಮನಿರು."

"ಅವಳು ಮಾತನಾಡದಿದ್ದರೆ?"

"ಹಣ್ಣ ಮುಗಿಯೂತನಕ ಸುಮ್ಮನಿರು. ಮುಗದ್ರ ಮತ್ತ ಬಾ, ಮಠದಾಗ ಹುಣಸೀಹಣ್ಣಿಗೇನ್ ಕೊರತಿ ಇಲ್ಲ."

ಕೊಟ್ಟಿಗೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕಾಶವ್ವ ಮೊಳಕಾಲಿಗೆ ಗಲ್ಲವೂರಿ ಕುಳಿತಿದ್ದಳು. ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಆ ಕಟ್ಟೆ ಕಾಣುತ್ತದೆ, ಅಲ್ಲಿನ ಮಾತು ಕೇಳಿಸುವುದಿಲ್ಲ. ಪ್ರಭಾವತಿ ಅವಳ ಪಕ್ಕದಲ್ಲಿ ಕುಳಿತು ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಮಾತು ಆರಂಭಿಸುವುದು ಆಕೆ ತಿಳಿದಷ್ಟು ಸುಲಭವಾಗಿರಲಿಲ್ಲ. ಮೈಕಿನ ಮುಂದೆ ನೀರಿನಂತೆ ಹರಿದ ನಾಲಿಗೆ ಇಲ್ಲಿ ಒಬ್ಬ ಹುಡುಗಿಯ ಮುಂದೆ ತೊದಲಿತು.

"ಕಾಶವ್ವ, ನಿನಗೆ ಲೆಕ್ಕ ಬರುವುದಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನಿನ್ನ ಪರವಾಗಿ ಮಾತನಾಡುತ್ತಿದ್ದೇನೆ ಎಂದುಕೊಂಡಿದ್ದೆ. ತಪ್ಪು ಮಾಡಿದೆ."

ಹುಡುಗಿ ತಲೆಯೆತ್ತಲಿಲ್ಲ. ಪ್ರಭಾವತಿಗೆ ಇನ್ನಷ್ಟು ಹೇಳಬೇಕೆನಿಸಿತು. ಯಾಕೆ ಕಿಟಕಿಯ ಕಡೆ ನೋಡುತ್ತೀ, ಏನು ತೊಂದರೆ, ಯಾರು ಏನಂದರು. ಪ್ರಶ್ನೆಗಳು ನಾಲಿಗೆಯ ತುದಿಗೆ ಬಂದು ನಿಂತವು. ಆಕೆ ಅವನ್ನು ನುಂಗಿ ಹಣ್ಣು ಬಿಡಿಸತೊಡಗಿದಳು. ಕೊಟ್ಟಿಗೆಯ ಎಮ್ಮೆ ಒಮ್ಮೆ ತಲೆ ಕೊಡವಿತು. ಬಿಸಿಲು ಕಟ್ಟೆಯ ಅಂಚಿನಿಂದ ಅವರ ಪಾದದವರೆಗೆ ಸರಿಯಿತು. ಪ್ರಭಾವತಿಯ ಮನಸ್ಸು ಮೊರದಲ್ಲಿರಲಿಲ್ಲ. ಆ ಬೆಳಗಿನ ತನ್ನ ಒಂದೊಂದು ಮಾತನ್ನೂ ಅದು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿತ್ತು.

ಕಾಶವ್ವ ಓರೆಗಣ್ಣಿನಿಂದ ಮೊರವನ್ನು ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತು ಇತ್ತಲೇ ನೋಡುತ್ತಿದ್ದುದನ್ನೂ ನೋಡಿದಳು. ಆಮೇಲೆ ಸ್ವಲ್ಪ ಹತ್ತಿರಕ್ಕೆ ಸರಿದು, ಪ್ರಭಾವತಿಯ ಭುಜದ ಬಳಿಗೆ ಬಾಗಿ, ಬಾಗಿಲಲ್ಲಿದ್ದವಳಿಗೆ ಕೇಳಿಸದಷ್ಟು ಮೆಲ್ಲನೆ ಹೇಳಿದಳು:

"ಅಕ್ಕೋರ, ಬೀಜ ಬುಟ್ಟ್ಯಾಗ ಹಾಕಾಕತ್ತೀರಿ. ಹಣ್ಣ ಕೆಳಗ ಒಗ್ಯಾಕತ್ತೀರಿ."

ಪ್ರಭಾವತಿ ನೋಡಿದಳು. ಬುಟ್ಟಿಯ ತುಂಬ ಬೀಜ, ಹಣ್ಣೆಲ್ಲ ಮಣ್ಣಿನಲ್ಲಿ. ಲಕ್ಷ್ಯವಿಲ್ಲವೆಂದು ತಾನು ಇಡೀ ತರಗತಿಯ ಮುಂದೆ ಎಬ್ಬಿಸಿ ನಿಲ್ಲಿಸುತ್ತಿದ್ದ ಹುಡುಗಿ ತನ್ನ ಲಕ್ಷ್ಯ ತಪ್ಪಿದ್ದನ್ನು ಕಂಡಿದ್ದಳು. ಕಂಡು ನಗಲಿಲ್ಲ, ಕೂಗಲಿಲ್ಲ, ಬಾಗಿಲಲ್ಲಿದ್ದವಳನ್ನು ಕರೆದು ತೋರಿಸಲಿಲ್ಲ. ಹತ್ತಿರಕ್ಕೆ ಸರಿದು ಕಿವಿಯಲ್ಲಿ ಹೇಳಿದಳು. ಶಿಕ್ಷಣ ಕಾಲೇಜಿಗೆ ಹೋಗದ ಮಗುವಿಗೆ ಗೊತ್ತಿದ್ದ ಇಷ್ಟು ಸಣ್ಣ ಸಂಗತಿ, ತನಗೆ, ಮಾಸ್ತರರಿಗೆ, ಎತ್ತರದ ಕುರ್ಚಿಗಳಲ್ಲಿ ಕುಳಿತ ಅಷ್ಟೂ ಮಂದಿಗೆ ಗೊತ್ತಿರಲಿಲ್ಲ. ಪ್ರಭಾವತಿಗೆ ಸಿಟ್ಟು ಬಂದಿತು. ಬೆಳಿಗ್ಗೆ ಬಂದ ಸಿಟ್ಟು ಇತರರ ಮೇಲಿನದು, ಅದು ಬಂದಾಗ ಹಿತವಾಗಿತ್ತು. ಈ ಸಿಟ್ಟಿನಲ್ಲಿ ಹಿತವಿರಲಿಲ್ಲ.

"ಯಾವಾಗಿನಿಂದ?" ಎಂದು ಕೇಳಿದಳು.

"ನೀವು ಕುಂತಾಗಿಂದ್ರಿ," ಎಂದಳು ಕಾಶವ್ವ. ಅವಳ ತುಟಿಯ ಅಂಚಿನಲ್ಲಿ ನಗು ಮೂಡಿ ಅಡಗಿತು. ಕೆಳಗೆ ಬಿದ್ದ ಹಣ್ಣನ್ನು ಆಯ್ದು ಊದಿ ಬುಟ್ಟಿಗೆ ಹಾಕುತ್ತ, ಮುಖ ಕೊಡದೆಯೇ ಹೇಳಿದಳು: "ನೀವು ಅಂದದ್ದು ನಮ್ಮವ್ವಗ ಕೇಳಿರತೈತ್ರಿ. ನಾ ಪರೀಕ್ಷಾ ಪಾಸಾಗ್ತೀನಂತ ಅಕಿ ಹೊಲದಾಗ ಎಲ್ಲಾರ ಮುಂದ ಹೇಳಿಕೊಂಡಿದ್ದಳು. ನಾ ನಾಳಿಂದ ಬರಾಂಗಿಲ್ರಿ."

ಪ್ರಭಾವತಿ ಏನೂ ಹೇಳಲಿಲ್ಲ. ಆ ಮೌನ ಆಕೆಯ ಜೀವನದ ಮೊದಲ ಪಾಠವೆಂದು ಆಮೇಲೆ ಆಕೆಯೇ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕಾಶವ್ವ ಮತ್ತೆ ಮಾತನಾಡಿದಳು. ಕಿಟಕಿಯಾಚೆ ತಾನು ಏನು ನೋಡುತ್ತಿದ್ದಳೆಂಬುದನ್ನೂ ಮನೆಯ ಒಂದು ಸಂಗತಿಯನ್ನೂ ಹೇಳಿದಳು. ಆ ಮಾತುಗಳು ಈ ಬರಹದಲ್ಲಿಲ್ಲ. ಅವು ಅಕ್ಕೋರಿಗೆ ಹೇಳಿದ ಮಾತುಗಳು, ನಮಗೆ ಹೇಳಿದವಲ್ಲ. ತಿಳಿಯಲೇಬೇಕೆಂದು ಓದುಗರಿಗೆ ಅನಿಸಿದರೆ, ಆ ಹಾರ್ನಿಗೆ ಕಿವಿಗೊಟ್ಟ ಊರಿಗೂ ಹಾಗೆಯೇ ಅನಿಸುತ್ತಿತ್ತೆಂಬುದನ್ನು ಒಮ್ಮೆ ನೆನೆಯಬೇಕು. ನಮಗೆ ತಿಳಿದಿರುವುದಿಷ್ಟು: ಆ ಸಂಜೆ ಪ್ರಭಾವತಿ ಕಾಶವ್ವನ ಜೊತೆಗೆ ಅವಳ ಮನೆಯವರೆಗೆ ನಡೆದಳು, ಅವಳ ತಾಯಿಯ ಮುಂದೆಯೂ ಮೊದಲು ತನ್ನ ತಪ್ಪನ್ನೇ ಹೇಳಿದಳು.

ಮರುದಿನ ಬೆಳಿಗ್ಗೆ ಶಾಲೆಯ ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಪೂಜ್ಯರು ಎಂದೂ ಪ್ರಾರ್ಥನೆಯ ಬಯಲಿಗೆ ಬಂದವರಲ್ಲ, ಅಂದು ಬಂದರು. ಪ್ರಾರ್ಥನೆ ಮುಗಿಯಿತು. ತಪ್ಪೊಪ್ಪಿಗೆಯ ಹೊತ್ತು. ಕಾಶವ್ವ ಬಂದಿದ್ದಳು, ತರಗತಿಯ ಸಾಲಿನ ಕೊನೆಯಲ್ಲಿ ಪ್ರಭಾವತಿಯ ಪಕ್ಕದಲ್ಲಿದ್ದಳು. ಕಡೆಯ ಸಲ ತನ್ನ ಹೆಸರು ಕರೆಯುತ್ತಾರೆಂದು ಕಾಯುತ್ತಿದ್ದಳು. ಪೂಜ್ಯರು ತಾವೇ ಮುಂದೆ ಬಂದು ಮೈಕಿನ ಮುಂದೆ ನಿಂತರು.

"ನಾನು ಶಾಂತಮುನಿ," ಎಂದರು. ಶಿಖರದ ಹಾರ್ನು ಆ ಧ್ವನಿಯನ್ನು ಊರಿಗೂ ಹೊಲಗಳಿಗೂ ಒಯ್ದಿತು. "ಈ ಹಾರ್ನಿನ್ಯಾಗ ಕೂಸುಗಳು ಅಳೂದನ್ನ ಕೇಳಿಕೋತ ನಾ ಪೂಜಾ ಮಾಡೀನಿ. ಆ ಪೂಜಾ ಪೂಜಾ ಅಲ್ಲ. ತಪ್ಪು ನಂದು. ದೊಡ್ಡವರ ತಪ್ಪ ಊರಿಗೆ ಕೇಳಬೇಕು, ಅದಕ್ಕ ಇಲ್ಲಿ ಹೇಳೀನಿ."

ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ. ಅಷ್ಟು ಹೇಳಿ ಮೈಕಿನಿಂದ ಹಿಂದೆ ಸರಿದು ಮುಖ್ಯೋಪಾಧ್ಯಾಯರ ಕಡೆಗೆ ನೋಡಿದರು. ಕೊಟ್ರಪ್ಪ ಮಾಸ್ತರರು ಮುಂದೆ ಬಂದರು. ಮೈಕನ್ನು ಕೈಗೆ ತೆಗೆದುಕೊಂಡರು. ತುಟಿಗಳು ಅಲುಗಿದವು, ಮಾತು ಬರಲಿಲ್ಲ. ಹಾರ್ನಿನಲ್ಲಿ ಅವರ ಉಸಿರು ಮಾತ್ರ ಊರಿಗೆ ಕೇಳುತ್ತಿತ್ತು. ಹಿಂದಿನ ದಿನ ಅದೇ ಜಾಗದಲ್ಲಿ ನಿಂತಿದ್ದ ಹುಡುಗಿ ಸಾಲಿನಲ್ಲಿ ತಲೆತಗ್ಗಿಸಿಕೊಂಡಳು. ಅವರನ್ನು ಆ ಸ್ಥಿತಿಯಲ್ಲಿ ನೋಡುವುದು ಅವಳಿಗೆ ಬೇಕಿರಲಿಲ್ಲ.

ಪೂಜ್ಯರು ಮುಂದೆ ಬಂದು ಮೈಕನ್ನು ಅವರ ಕೈಯಿಂದ ಬಿಡಿಸಿ, ಗುಂಡಿ ಒತ್ತಿ ಆರಿಸಿದರು. ತಮ್ಮ ಶಲ್ಯದ ಸೆರಗನ್ನು ಮಾಸ್ತರರ ತಲೆಯ ಮೇಲೆ ಹೊಚ್ಚಿ, ಬಾಗಿ, ಕಿವಿಯಲ್ಲಿ ಏನೋ ಹೇಳಿದರು. ಮಾಸ್ತರರು ಮಕ್ಕಳೆದುರಿಗೆ ಅತ್ತರೆಂದು ಕೆಲವರು ಹೇಳುತ್ತಾರೆ. ಶಲ್ಯದೊಳಗೆ ಯಾರಿಗೂ ಕಾಣಲಿಲ್ಲ. ಕಾಣದಿರಲೆಂದೇ ಶಲ್ಯ.

ಅಂದಿನಿಂದ ಆ ಹಾರ್ನಿನಲ್ಲಿ ಪ್ರಾರ್ಥನೆಯ ಹೊರತು ಬೇರೆ ಮಾತು ಬರಲಿಲ್ಲ. ಟಿ.ಸಿ.ಯ ಮಾತನ್ನು ಯಾರೂ ಎತ್ತಲಿಲ್ಲ. ಪ್ರಭಾವತಿ ಕೆಲಸ ಬಿಡಲಿಲ್ಲ. ಶಾಲೆ ಬಿಟ್ಟ ಮೇಲೆ ಕೊಟ್ಟಿಗೆಯ ಕಟ್ಟೆಯ ಮೇಲೆ ಒಂದು ಮೊರವಿಟ್ಟುಕೊಂಡು ಕೂರುವುದು ಆಕೆಯ ವಾಡಿಕೆಯಾಯಿತು. ಕಾಶವ್ವ ಕೂರುತ್ತಿದ್ದಳು, ಬೇರೆ ಬೇರೆ ದಿನ ಬೇರೆ ಬೇರೆ ಮಕ್ಕಳೂ ಕೂರುತ್ತಿದ್ದರು. ಭಿನ್ನರಾಶಿಯನ್ನು ಹುಣಸೆಬೀಜದಲ್ಲಿ ಕಲಿತವರಿದ್ದಾರೆ. ಕಾಶವ್ವ ಹತ್ತನೆಯ ತರಗತಿಯಲ್ಲಿ ಗಣಿತವನ್ನು ಅಂಚಿನಲ್ಲಿ ದಾಟಿದಳು, ಕನ್ನಡದಲ್ಲಿ ಶಾಲೆಗೇ ಮೊದಲಿಗಳಾದಳು. ಪ್ರಭಾವತಿ ಪೂಜ್ಯರಿಂದ ದೀಕ್ಷೆ ಪಡೆಯಲಿಲ್ಲ. ಆದರೆ ಪ್ರತಿದಿನ ಶಾಲೆಗೆ ಹೋಗುವ ಮುನ್ನ ತಗಡಿನ ಚಪ್ಪರಕ್ಕೆ ಬಂದು ಬಾಗಿ ನಮಸ್ಕರಿಸಿ ಹೋಗುತ್ತಿದ್ದಳು. ಪೂಜ್ಯರು ಲಿಂಗೈಕ್ಯರಾದ ಮೇಲೆ ಖಾಲಿ ಗೋಣಿತಟ್ಟಿಗೂ ಹಾಗೆಯೇ ನಮಸ್ಕರಿಸಿದಳೆಂದು ಕಂಡವರು ಹೇಳುತ್ತಾರೆ.

ಆ ಬೆಳಗಿನ ಘಟನೆ ನಡೆದು ಸ್ವಲ್ಪ ದಿನಗಳಾಗಿರಬೇಕು. ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಕೊಟ್ರಪ್ಪ ಮಾಸ್ತರರು ಹಳೆಯ ರೂಢಿಯಂತೆ ಗಟ್ಟಿಯಾಗಿ ಕೇಳಿದರು: "ಅಲ್ರಿ ಅಕ್ಕೋರ, ಅವತ್ತ ಕೊಟ್ಟಿಗಿ ಕಟ್ಟೀಮ್ಯಾಲೆ ಆ ಕಾಶವ್ವ ನಿಮ್ಮ ಮುಂದ ಏನಂದಳು?"

ಎಲ್ಲರ ಲೋಟಗಳೂ ಅರ್ಧಕ್ಕೆ ನಿಂತವು. ಪ್ರಭಾವತಿ ತನ್ನ ಲೋಟವನ್ನು ಕೆಳಗಿಟ್ಟು, ಎದ್ದು, ಮಾಸ್ತರರ ಕುರ್ಚಿಯ ಪಕ್ಕಕ್ಕೆ ಬಂದಳು. ಬಾಗಿ, ಅವರೊಬ್ಬರಿಗೆ ಮಾತ್ರ ಕೇಳುವಂತೆ ಮೆಲ್ಲನೆ ಏನೋ ಹೇಳಿದಳು.

ಮಾಸ್ತರರ ಮುಖ ಕೆಂಪಾಯಿತು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು. ಮುಂದೆ ಆ ಪ್ರಶ್ನೆಯನ್ನು ಅವರು ಯಾವ ಮಗುವಿನ ವಿಷಯದಲ್ಲೂ ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ, ನಿವೃತ್ತಿಯ ದಿನ, ಅಂದು ಅಕ್ಕೋರು ಹೇಳಿದ್ದನ್ನು ಅವರೇ ನಗುತ್ತ ಎಲ್ಲರಿಗೂ ತಿಳಿಸಿದರು.

"'ಸರ್, ಶಲ್ಯದೊಳಗೆ ಅಜ್ಜಾರು ನಿಮಗೇನು ಹೇಳಿದರು?' ಅಂತ ಕೇಳಿದ್ರು," ಎಂದರು.

"ಏನ್ ಹೇಳಿದ್ರು ಸರ್, ಅಜ್ಜಾರು?" ಎಂದು ಹೊಸದಾಗಿ ಸೇರಿದ ಶಿಕ್ಷಕನೊಬ್ಬ ಕುತೂಹಲದಿಂದ ಕೇಳಿದನು.

ಮಾಸ್ತರರು ಅವನನ್ನು ನೋಡಿದರು, ಹೇಳಲಿಲ್ಲ.